ಐದನೆಯವನು ಎಲ್ಲಿದ್ದ?

ಪರೋಲ್, ಫರ್ಲೋ, ಪ್ರೊಬೇಷನ್ ಮೂರನ್ನೂ ಈ ವಾರ ಬಿಡಿಸಿ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ಹೊಸ ರೋಡಿನ ಆಚೆ ಪರಪ್ಪನ ಅಗ್ರಹಾರದ ಜೈಲು ಇರುವಷ್ಟು ದಿನ ಆ ಮೂರಕ್ಕೂ ಬರವಿಲ್ಲ, ಇನ್ನೊಂದು ವಾರ ಕಾಯಲಿ. ಸಿಂಗಸಂದ್ರದ ಸ್ಪೋಕನ್ ಇಂಗ್ಲಿಷ್ ತರಗತಿಯೊಂದರಲ್ಲಿ ಹಂಚಿದ ಹಾಳೆ ಕೈಗೆ ಬಂದಿದೆ. ಥೆಫ್ಟ್, ಎಕ್ಸ್‌ಟಾರ್ಷನ್, ರಾಬರಿ, ಡೆಕಾಯ್ಟಿ ನಾಲ್ಕನ್ನೂ ಒಂದೇ ಆವರಣದಲ್ಲಿ ಕಟ್ಟಿಹಾಕಿ, ಎದುರಿಗೆ ‘ಕಳ್ಳತನ’ ಎಂದು ಬರೆದು ಕೈತೊಳೆದುಕೊಂಡಿದ್ದಾರೆ.

ಪಟ್ಟಿ ಪಂಥದವರ ಮೇಲೆ ನನ್ನ ಸಿಟ್ಟು ಹಳೆಯದು. ದಿನಕ್ಕೆ ಹತ್ತು ಪದ ಉರುಹೊಡೆಸುವ ಈ ಜನ ಸಮಾನಾರ್ಥಕ ಎಂಬ ಭೂತವನ್ನು ಸಾಕಿಕೊಂಡಿದ್ದಾರೆ. ಬೇರೆ ಕಡೆ ಆ ಭೂತ ತೊಂದರೆ ಕೊಡದೇ ಇರಬಹುದು. ಕೋರ್ಟಿನ ಇಂಗ್ಲಿಷಿನಲ್ಲಿ ಮಾತ್ರ ಒಂದು ಪದಕ್ಕೂ ಪಕ್ಕದ ಪದಕ್ಕೂ ನಡುವೆ ವರ್ಷಗಟ್ಟಲೆ ಜೈಲು ಇರುತ್ತದೆ.

ಪತ್ರಿಕೆಯ ಒಳಪುಟದಲ್ಲಿ ‘ದರೋಡೆಗೆ ಹೊಂಚು: ಐವರ ಬಂಧನ’ ಎಂಬ ಸುದ್ದಿ ನೋಡಿರುತ್ತೀರಿ. ಜಾಗ ಬದಲಾಗುತ್ತದೆ, ಮಚ್ಚು, ಡ್ಯಾಗರ್, ಖಾರದ ಪುಡಿ ಬದಲಾಗುವುದಿಲ್ಲ. ಐದು ಎಂಬ ಲೆಕ್ಕವೂ ಬದಲಾಗುವುದಿಲ್ಲ. ಮೂವರೇ ಸಿಕ್ಕಿದ್ದರೆ ‘ಇನ್ನಿಬ್ಬರು ಪರಾರಿ’ ಎಂಬ ಸಾಲು ಬಂದು ಲೆಕ್ಕ ತುಂಬಿಸುತ್ತದೆ. ಕಾರಣ ಸರಳ. ಐದು ಅಥವಾ ಹೆಚ್ಚು ಮಂದಿ ಕೂಡಿ ಮಾಡಿದ ರಾಬರಿಗೆ ಡೆಕಾಯ್ಟಿ ಎಂದು ಹೆಸರು. ಡೆಕಾಯ್ಟಿಗೆ ತಯಾರಿ ನಡೆಸುವುದೂ ಅಪರಾಧ, ಅದಕ್ಕಾಗಿ ಸೇರುವುದೂ ಅಪರಾಧ. ಬರೀ ರಾಬರಿಗೆ ತಯಾರಾಗುವುದನ್ನು ಕಾನೂನು ಹಾಗೆ ಬೇರೆಯಾಗಿ ಎಣಿಸಿಲ್ಲ. ನಾಲ್ವರು ಕತ್ತಲಲ್ಲಿ ಮಚ್ಚು ಹಿಡಿದು ಕೂತಿದ್ದರೆ ಆಯುಧದ ಕೇಸು ಹಾಕಬಹುದು, ಡೆಕಾಯ್ಟಿಯ ತಯಾರಿ ಎನ್ನಲಾಗದು. ಹೀಗಾಗಿ ಆ ಸುದ್ದಿ ಕಂಡಾಗಲೆಲ್ಲ ನಾನು ಮೊದಲು ಹುಡುಕುವುದು ಐದನೆಯವನನ್ನು.

ಇದನ್ನೆಲ್ಲ ಕಲಿಯಲು ನಾನು ಶಿಫಾರಸು ಮಾಡುವ ಪುಸ್ತಕ ಒಂದೇ. ಮೆಕಾಲೆ 1837ರಲ್ಲಿ ಕರಡು ಮಾಡಿ, 1860ರಲ್ಲಿ ಕಾಯ್ದೆಯಾಗಿ, 1862ರಿಂದ ಜಾರಿಗೆ ಬಂದ ದಂಡಸಂಹಿತೆ. ಮೆಕಾಲೆಯನ್ನು ಬೈಯುವವರು ಬೈಯಲಿ, ನಾನೂ ಜೊತೆಗೂಡುತ್ತೇನೆ. ಆದರೆ ವ್ಯಾಖ್ಯೆಗಳ ಕೆಳಗೆ ಅವನು ಇಟ್ಟ ಪುಟ್ಟ ಪುಟ್ಟ ದೃಷ್ಟಾಂತಗಳಂಥ ಗದ್ಯ ಇಂಗ್ಲಿಷಿನಲ್ಲಿ ಕಡಿಮೆ. ‘ಎ’ ಮತ್ತು ‘ಝಡ್’ ಎಂಬ ಇಬ್ಬರು ಮುಖ್ಯ ಪಾತ್ರಧಾರಿಗಳು. ಎ ಹೆಚ್ಚಾಗಿ ಕೇಡಿಗ, ಝಡ್ ಹೆಚ್ಚಾಗಿ ಕಳೆದುಕೊಳ್ಳುವವ. ಝಡ್‌ನ ನಾಯಿಯನ್ನು ಹೊಡೆದುಕೊಂಡು ಹೋಗಲು ಎ ಜೇಬಿನಲ್ಲಿ ತಿಂಡಿ ಇಟ್ಟುಕೊಳ್ಳುತ್ತಾನೆ. ಥೆಫ್ಟ್ ಪೂರ್ತಿಯಾಗುವುದು ಯಾವಾಗ? ನಾಯಿ ಅವನ ಬೆನ್ನುಹತ್ತಿ ಹೊರಟ ಕ್ಷಣದಲ್ಲಿ. ಖಜಾನೆ ಪೆಟ್ಟಿಗೆ ಹೊತ್ತ ಎತ್ತು ಎದುರಾಗುತ್ತದೆ, ಎ ಅದನ್ನು ಬೇರೆ ದಾರಿಗೆ ಅಟ್ಟುತ್ತಾನೆ. ಎತ್ತು ಕದಲಿತೋ, ಖಜಾನೆ ಕಳವಾಯಿತು. ಝಡ್‌ನ ಜಮೀನಿನ ಮರ ಕಡಿದರೆ, ಸಾಗಿಸುವ ತನಕ ಕಾಯಬೇಕಿಲ್ಲ, ಬುಡ ಬೇರ್ಪಟ್ಟರೆ ಸಾಕು.

ಇನ್ನೊಂದು ಜೋಡಿ ಇದಕ್ಕೂ ಸೊಗಸು. ಹೆದ್ದಾರಿಯಲ್ಲಿ ಝಡ್ ಮಗುವಿನೊಡನೆ ಬರುತ್ತಿದ್ದಾನೆ. ಎ ಮಗುವನ್ನು ಕಿತ್ತುಕೊಂಡು, ಹಣದ ಚೀಲ ಕೊಡದಿದ್ದರೆ ಪ್ರಪಾತಕ್ಕೆ ಎಸೆಯುತ್ತೇನೆ ಎನ್ನುತ್ತಾನೆ. ಎಕ್ಸ್‌ಟಾರ್ಷನ್ ರಾಬರಿಯಾಗಿ ಬೆಳೆದದ್ದು ಇಲ್ಲಿ, ಏಕೆಂದರೆ ಭಯ ಕಣ್ಣೆದುರಿಗಿದೆ, ಈಗಿಂದೀಗಲೇ ಆಗುವಂಥದ್ದು. ಅದೇ ಎ, ‘ನಿನ್ನ ಮಗು ನಮ್ಮ ತಂಡದ ಕೈಯಲ್ಲಿದೆ, ಹತ್ತು ಸಾವಿರ ಕಳಿಸು’ ಎಂಬ ಅರ್ಥದ ಮಾತಾಡಿ ಹಣ ಕಿತ್ತರೆ ಅದು ಎಕ್ಸ್‌ಟಾರ್ಷನ್ ಮಾತ್ರ. ಪಟ್ಟಿ ಪಂಥದವರು ಇದನ್ನು ಒಂದು ಸಲ ಓದಿದ್ದರೂ ಆ ಹಾಳೆ ಅಚ್ಚಾಗುತ್ತಿರಲಿಲ್ಲ.

ಕಣ್ಣುತಪ್ಪಿಸಿ ಒಯ್ಯುವುದಕ್ಕೂ ಬಲವಂತದಿಂದ ಕೀಳುವುದಕ್ಕೂ ಇರುವ ಅಂತರ ಮೆಕಾಲೆಯ ಸ್ವತ್ತೇನಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದ ವಿಜ್ಞಾನೇಶ್ವರ ಬರೆದ ಮಿತಾಕ್ಷರದಲ್ಲಿ ಮೊದಲನೆಯದು ಸ್ತೇಯ, ಎರಡನೆಯದು ಸಾಹಸ. ವಿಷ್ಣುವರ್ಧನ್ ಅಭಿಮಾನಿಗಳು ಮನ್ನಿಸಬೇಕು.

2024ರ ಜುಲೈ 1ರಿಂದ ಮೆಕಾಲೆಯ ದಂಡಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. 511 ಕಲಮುಗಳು 358ಕ್ಕೆ ಇಳಿದವು, ದೃಷ್ಟಾಂತಗಳು ಬಹುಪಾಲು ಉಳಿದವು. ನಾಯಿಯೂ ಎತ್ತೂ ಕ್ಷೇಮ. ಪ್ರಪಂಚಕ್ಕೆ ನಾವು ಕೊಟ್ಟ ‘ಥಗ್’ ಮಾತ್ರ ಕಾನೂನಿನಿಂದ ಹೊರಬಿದ್ದ. ಹೊಸದಾಗಿ ಒಳಬಂದದ್ದು 304ನೇ ಕಲಮಿನ ಸ್ನ್ಯಾಚಿಂಗ್. ಬೈಕಿನಲ್ಲಿ ಬಂದು ಸರ ಎಳೆಯುವವರಿಗೆ ಕೊನೆಗೂ ಅವರದೇ ಹೆಸರು. ಗರಿಷ್ಠ ಶಿಕ್ಷೆ ಮಾತ್ರ ಸಾಮಾನ್ಯ ಕಳ್ಳತನದಷ್ಟೇ, ಮೂರು ವರ್ಷ; ಬರೀ ದಂಡ ಕಟ್ಟಿ ಹೊರಬರುವ ದಾರಿ ಮುಚ್ಚಿದೆ, ಅಷ್ಟೆ. ರಾಬರಿಯಾದರೆ ಹತ್ತು ವರ್ಷ. ಅದೇ ರಾಬರಿ ಹೆದ್ದಾರಿಯಲ್ಲಿ, ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ನಡೆದರೆ ಹದಿನಾಲ್ಕರವರೆಗೆ ಏರುತ್ತದೆ. ಕೂಡ್ಲು ಗೇಟಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ರಾತ್ರಿ ಪಾಳಿಗೆ ಹೋಗುವವರು ಇದನ್ನು ತಿಳಿದಿರಲಿ.

ನಮ್ಮ ಭಾಗದ ಐಟಿಯವರನ್ನು ಈಗ ಕಾಡುತ್ತಿರುವ ಎ ಹೆದ್ದಾರಿಗೂ ಬರುವುದಿಲ್ಲ. ಸಮವಸ್ತ್ರ ತೊಟ್ಟು ವಿಡಿಯೊ ಕಾಲಿನಲ್ಲಿ ಕೂತು ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ’ ಎನ್ನುತ್ತಾನೆ. ದಿನಕ್ಕೆ ಹತ್ತು ಪದ ಕಲಿತವರೂ ಅರೆಸ್ಟ್ ಎಂದರೇನು ಎಂದು ಕೇಳದೆ ಉಳಿತಾಯವನ್ನೆಲ್ಲ ಕಳಿಸಿಬಿಡುತ್ತಾರೆ. ಅರೆಸ್ಟ್ ಆಗಬೇಕಾದರೆ ಪೊಲೀಸರು ಆಳನ್ನು ಮುಟ್ಟಬೇಕು ಅಥವಾ ತಡೆದು ಹಿಡಿಯಬೇಕು. ಅವನೇ ಮಾತಿನಿಂದಲೋ ನಡೆಯಿಂದಲೋ ವಶಕ್ಕೆ ಒಪ್ಪಿಸಿಕೊಂಡರೆ ಮಾತ್ರ ವಿನಾಯಿತಿ. ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದರಲ್ಲಿ ಯಾವುದನ್ನೂ ಫೋನಿನ ಪರದೆ ಮಾಡಲಾರದು. ದೂರದಿಂದ ಹೆದರಿಸಿ ಹಣ ಕೀಳುವ ಈ ಕಸುಬಿಗೆ ಎಕ್ಸ್‌ಟಾರ್ಷನ್, ಚೀಟಿಂಗ್ ಎಂಬ ಹೆಸರುಗಳು 1860ರಿಂದಲೂ ಇವೆ. ಹೊಸ ಸಂಹಿತೆ ಎಕ್ಸ್‌ಟಾರ್ಷನ್ನಿನ ಶಿಕ್ಷೆಯನ್ನು ಮೂರರಿಂದ ಏಳು ವರ್ಷಕ್ಕೆ ಏರಿಸಿದೆ. ಅಂಥ ಕರೆ ಬಂದರೆ ಕತ್ತರಿಸಿ. ಹಣ ಆಗಲೇ ಹೋಗಿದ್ದರೆ ನಾಚಿಕೆಪಡುತ್ತ ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ.