‘ಹರಿದಾಸ್’: ಎರಡನೆಯ ಸಲ ನೋಡಿದಾಗ

ತಮಿಳಿನ ‘ಹರಿದಾಸ್’ ಚಿತ್ರ 2013ರಲ್ಲಿ ತೆರೆಗೆ ಬಂದಾಗ ನಾವು ಅದನ್ನು ನೋಡಹೋದದ್ದು ನಮ್ಮ ಕನ್ನಡದ ನಟ ಕಿಶೋರರ ಮೇಲಿನ ಅಭಿಮಾನದಿಂದ. ಮದರಾಸಿನಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಚಪಲ ಸಹಜ. ಪೊಲೀಸಿನ ಕಥೆ ಬಿಗಿಯಾಗಿದೆ, ಮಗುವಿನ ಕಥೆ ಕಣ್ಣಲ್ಲಿ ನೀರು ತರಿಸುತ್ತದೆ ಎಂದು ಮಾತಾಡಿಕೊಂಡು ಮನೆಗೆ ಬಂದು ಉಂಡು ಮಲಗಿದೆವು. ಆಗ ನಮಗೆ ಮಕ್ಕಳಿರಲಿಲ್ಲ. ಈಗ ಮಗನಿಗೆ ಹತ್ತು ವರ್ಷ. ಅವನಿಗೆ ಆಟಿಸಂ ಇದೆಯೆಂದು ವೈದ್ಯರು ಹೇಳಿ ಏಳು ವರ್ಷವಾಯಿತು. ಕಳೆದ ತಿಂಗಳು ಅದೇ ಚಿತ್ರವನ್ನು ಮನೆಯಲ್ಲಿ ಕುಳಿತು ಮತ್ತೊಮ್ಮೆ ನೋಡಿದೆವು. ಹಿಂದೆ ಮೆಚ್ಚಿದ್ದರಲ್ಲಿ ಅರ್ಧ ಈ ಸಲ ರುಚಿಸಲಿಲ್ಲ. ಹಿಂದೆ ಗಮನಿಸದೇ ಬಿಟ್ಟದ್ದು ಬಹಳ ಹಿಡಿಸಿತು.

ಕಥೆ ಅನೇಕರಿಗೆ ತಿಳಿದದ್ದೇ. ಶಿವದಾಸ ಎಂಬ ಪೊಲೀಸ್ ಅಧಿಕಾರಿ ರೌಡಿಗಳ ಬೇಟೆಯಲ್ಲಿ ಮುಳುಗಿದವನು. ತಾಯಿಯಿಲ್ಲದ ಮಗ ಹರಿಯನ್ನು ಸಾಕುತ್ತಿದ್ದ ಅಜ್ಜಿ ತೀರಿಕೊಂಡ ಮೇಲೆ, ತನಗೆ ಅಷ್ಟಾಗಿ ಪರಿಚಯವೇ ಇಲ್ಲದ ಮಗನನ್ನು ಅವನು ನೋಡಿಕೊಳ್ಳಬೇಕಾಗುತ್ತದೆ. ಶಾಲೆಯಲ್ಲಿ ಅಮುದವಲ್ಲಿ ಎಂಬ ಅಧ್ಯಾಪಿಕೆ (ಸ್ನೇಹಾ) ನೆರವಾಗುತ್ತಾರೆ. ಹುಡುಗನಿಗೆ ಓಟದಲ್ಲಿರುವ ಒಲವು ಬೆಳಕಿಗೆ ಬಂದು, ಕಥೆ ಮ್ಯಾರಥಾನಿನ ಕಡೆ ಸಾಗುತ್ತದೆ. ನಿರ್ದೇಶಕರು ಕುಮಾರವೇಲನ್. ನಡುನಡುವೆ ಬರುವ ಹಾಸ್ಯದ ತುಣುಕುಗಳ ಬಗ್ಗೆ ಹೇಳದಿರುವುದೇ ಲೇಸು.

ಮೊದಲಿಗೆ ಮೆಚ್ಚುಗೆಯ ಮಾತು. ಹರಿಯಾಗಿ ನಟಿಸಿರುವ ಪೃಥ್ವಿರಾಜ್ ದಾಸ್ ಎಂಬ ಹುಡುಗ ಕರುಣೆಯನ್ನು ಬೇಡುವುದಿಲ್ಲ. ಅವನ ನೋಟ ಎದುರಿನವರ ಮುಖದ ಪಕ್ಕದಲ್ಲಿ ಎಲ್ಲೋ ನಿಂತಿರುತ್ತದೆ. ಅದನ್ನು ಕಂಡು ನಮ್ಮ ಮನೆಯಾಕೆ, ‘ರೀ, ನಮ್ಮವನೇ ಅಲ್ವೇನ್ರೀ’ ಎಂದರು. ಕಿಶೋರರೂ ಅಬ್ಬರಿಸುವುದಿಲ್ಲ. ಮಗನನ್ನು ತಿದ್ದುವುದಕ್ಕಿಂತ ಮೊದಲು ಅವನನ್ನು ನೋಡಲು ಕಲಿಯುವ ತಂದೆಯ ನಿಧಾನವನ್ನು ಚಿತ್ರ ಸರಿಯಾಗಿ ಹಿಡಿದಿದೆ. ವಿಜ್ಞಾನ ಓದಿದ ಹಳೆಯ ಅಭ್ಯಾಸದಿಂದ ನಾವೂ ಒಂದು ನೋಟ್‌ಬುಕ್ ಇಟ್ಟಿದ್ದೆವು: ಮಗ ಎಷ್ಟು ಗಂಟೆಗೆ ಅತ್ತ, ಅದಕ್ಕೆ ಮುಂಚೆ ಏನಾಯಿತು, ಎಷ್ಟು ಹೊತ್ತಿಗೆ ಸುಮ್ಮನಾದ. ಮೂರು ವಾರ ಬರೆದ ಮೇಲೆ ತಿಳಿಯಿತು, ಶಾಲೆಯವರು ‘ಹಠ’ ಎನ್ನುತ್ತಿದ್ದುದು ತರಗತಿಯ ಬಾಗಿಲ ಮೇಲಿದ್ದ ವಿದ್ಯುತ್ ಗಂಟೆಯ ಸದ್ದಿಗೆ ಅವನು ಪಡುತ್ತಿದ್ದ ಹಿಂಸೆ ಎಂದು.

ಇನ್ನು ನಮ್ಮ ತಕರಾರು. ಹರಿಯ ಶಾಲಾಜೀವನವೆಲ್ಲ ಒಬ್ಬ ಅಧ್ಯಾಪಿಕೆಯ ಒಳ್ಳೆಯತನದ ಮೇಲೆ ನಿಂತಿದೆ. ಅಮುದವಲ್ಲಿಗೆ ವರ್ಗವಾದರೆ ಮುಂದೇನು? ಈ ಪ್ರಶ್ನೆ ಚಿತ್ರಕ್ಕೆ ಹೊಳೆಯುವುದಿಲ್ಲ. ಸರ್ಕಾರಿ ನೌಕರರಾದ ನಮಗೆ ಮೊದಲು ಹೊಳೆಯುವುದೇ ಅದು. ಚಿತ್ರ ಬಂದ ಕಾಲವನ್ನೂ ನೆನೆಯಬೇಕು. ಅಂಗವಿಕಲರ 1995ರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಹೆಸರು ಬಂತು. 2016ರ ಹೊಸ ಕಾಯಿದೆ 21 ಬಗೆಯ ವೈಕಲ್ಯಗಳಲ್ಲಿ ಅದನ್ನೂ ಸೇರಿಸಿತು. ಸರ್ಕಾರದ ಹಣ ಅಥವಾ ಮನ್ನಣೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಅವರವರ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು ಎಂಬುದು ಅದರ 16ನೆಯ ಸೆಕ್ಷನ್ನಿನ ತಾತ್ಪರ್ಯ.

ಮಗನ ಶಾಲೆಯ ಮುಖ್ಯೋಪಾಧ್ಯಾಯಿನಿ ಸಜ್ಜನರೇ. ‘ಸಾರ್, ನಿಮ್ಮ ಮಗನ ಒಳ್ಳೆಯದಕ್ಕೇ ಹೇಳ್ತಿದೀನಿ, ಇಲ್ಲಿ ಅವನಿಗೆ ಕಷ್ಟ’ ಎಂದು ಮೂರು ಸಲ ನಯವಾಗಿಯೇ ಹೇಳಿದರು. ಪಕ್ಕದಲ್ಲಿ ಕೂರಲು ನಮ್ಮದೇ ಖರ್ಚಿನಲ್ಲಿ ಒಬ್ಬ ಆಯಾಳನ್ನು ಕಳಿಸಿ ಎಂದೂ ಸೂಚಿಸಿದರು. ನಾಲ್ಕನೆಯ ಸಲ ನಾವು ಬಾಯಿಮಾತು ಬಿಟ್ಟು ಅರ್ಜಿ ಬರೆದೆವು. ಕೇಳಿದ್ದು ಮೂರೇ: ಗಂಟೆಯಿಂದ ದೂರದ ಜಾಗ, ದಿನದ ವೇಳಾಪಟ್ಟಿ ಮೇಜಿನ ಮೇಲೆ, ಬರವಣಿಗೆಗೆ ಹೆಚ್ಚು ಸಮಯ. ಕೊನೆಯಲ್ಲಿ ಸೆಕ್ಷನ್ನಿನ ಸಂಖ್ಯೆ. ನಕಲಿನ ಮೇಲೆ ತಾರೀಖಿನೊಡನೆ ಶಾಲೆಯ ಮೊಹರು ಹಾಕಿಸಿಕೊಳ್ಳದೆ ಅಲ್ಲಿಂದ ಏಳಲಿಲ್ಲ. ಇಪ್ಪತ್ತು ವರ್ಷ ಟಪಾಲು ವಿಭಾಗದಲ್ಲಿ ಸವೆದದ್ದಕ್ಕೆ ಅಷ್ಟಾದರೂ ಪ್ರಯೋಜನವಾಗಬೇಡವೆ! ಹನ್ನೊಂದು ದಿನಗಳಲ್ಲಿ ಜಾಗ ಬದಲಾಯಿತು, ವೇಳಾಪಟ್ಟಿಯೂ ಬಂತು. ಹೆಚ್ಚು ಸಮಯದ ವಿಷಯ ಇನ್ನೂ ‘ಪರಿಶೀಲನೆಯಲ್ಲಿದೆ’.

ಈ ಓಡಾಟ ಚಿತ್ರದಲ್ಲಿಲ್ಲ. ಅರ್ಜಿಯ ದೃಶ್ಯ ಯಾರಿಗೆ ಬೇಕು ಎಂದು ನಿರ್ಮಾಪಕರು ಕೇಳಿಯಾರು. ಆದರೆ ಗುಂಡಿನ ಕಾಳಗಕ್ಕೆ ಇಷ್ಟೊಂದು ರೀಲು ಕೊಡಬಲ್ಲವರು ಶಾಲೆಯ ಕಚೇರಿಯ ಹೊರಗಿನ ಬೆಂಚಿಗೆ ಐದು ನಿಮಿಷ ಕೊಡಬಹುದಿತ್ತು. ಶಿವದಾಸ ಮಗನಿಗಾಗಿ ಕೆಲಸದಿಂದ ಬಿಡುವು ಪಡೆಯುವುದನ್ನು ಕಂಡು ನಮಗೆ ಹೊಟ್ಟೆಕಿಚ್ಚಾದದ್ದೂ ಸುಳ್ಳಲ್ಲ. ಕೇಂದ್ರ ಸರ್ಕಾರದಲ್ಲಿ ಮಗುವಿನ ಆರೈಕೆಗೆಂದು ಇಡೀ ಸೇವಾವಧಿಗೆ 730 ದಿನಗಳ ರಜೆಯಿದೆ. ಅದು ಮಹಿಳೆಯರಿಗೆ, 2018ರಿಂದ ಈಚೆಗೆ ಒಂಟಿ ತಂದೆಯರಿಗೂ ಉಂಟು. ಹೆಂಡತಿಯಿರುವ ಗುಮಾಸ್ತನಿಗೆ ಇಲ್ಲ.

ಮ್ಯಾರಥಾನಿನ ವಿಷಯದಲ್ಲಿ ನಮ್ಮ ಮನೆಯಲ್ಲೇ ಎರಡು ಅಭಿಪ್ರಾಯ. ಮಕ್ಕಳಿಗೆ ಒಂದು ಗೆಲುವು ಬೇಡವೇ ಎಂದು ಮನೆಯಾಕೆಯ ವಾದ. ಗೆಲ್ಲುವ ಶಕ್ತಿ ಇಲ್ಲದ ಮಗುವಿಗೆ ಶಾಲೆಯಲ್ಲಿ ಜಾಗವಿಲ್ಲವೇ ಎಂದು ನಮ್ಮದು. 2005ರ ಕೊರಿಯಾದ ‘ಮ್ಯಾರಥಾನ್’ ಚಿತ್ರದಲ್ಲೂ ಆಟಿಸಂ ಇರುವ ತರುಣನೊಬ್ಬ ಓಡುತ್ತಾನೆ. ಆದರೆ ಅಲ್ಲಿ, ಓಡುವ ಆಸೆ ಮಗನದೋ ತಾಯಿಯದೋ ಎಂಬ ಸಂಶಯ ಚಿತ್ರದ ಒಳಗೇ ಎದ್ದು ತಾಯಿಯನ್ನು ಕಾಡುತ್ತದೆ. ‘ಹರಿದಾಸ್’ ಆ ಪ್ರಶ್ನೆಯ ಹತ್ತಿರ ಬಂದು ತಂದೆಯ ಪ್ರೀತಿಯ ನೆರಳಲ್ಲಿ ನಿಂತುಬಿಡುತ್ತದೆ.

ಓಟದ ದೃಶ್ಯ ಬಂದಾಗ ನಮ್ಮ ಮಗ ಎರಡು ಕಿವಿಯನ್ನೂ ಮುಚ್ಚಿಕೊಂಡು ಎದ್ದುಹೋಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತ. ಜನರ ಕೂಗು, ವಾದ್ಯಗಳ ಅಬ್ಬರ ಜಾಸ್ತಿಯಾಗಿತ್ತು. ಸದ್ದನ್ನು ಪೂರ್ತಿ ತಗ್ಗಿಸಿದೆವು. ಅವನು ಬಂದು ಕುಳಿತ. ಉಳಿದ ಓಟವನ್ನು ಮೂವರೂ ಸದ್ದಿಲ್ಲದೆ ನೋಡಿದೆವು.