ಕಾಂಗ್ರೆಸ್ ಕಸದ ತುರಿಕೆ: ಅಂಜಬೇಕಾದ ಮದ್ದು ಯಾವುದು?

ಬಸವಕಲ್ಯಾಣ, ಹುಮನಾಬಾದ್ ಸೀಮೆಯ ತೊಗರಿ, ಸೋಯಾ ಹೊಲಗಳ ಬದುವಿನಲ್ಲಿ ಮುಂಗಾರು ಬಿದ್ದೊಡನೆ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಸ, ಎದ್ದು ನಿಲ್ಲುತ್ತದೆ. ಅದು ಎಲ್ಲರ ಮೈಗೂ ತೊಂದರೆ ಕೊಡುವುದಿಲ್ಲ. ಒಗ್ಗದವರಿಗೆ ಮಾತ್ರ ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಕೂತರೂ ಸಾಕು, ತುರಿಕೆ ಶುರು. ಕೆರೆದು ಕೆರೆದು ಚರ್ಮ ಕಪ್ಪಾಗಿ, ದಪ್ಪಗಾಗಿ, ಗೆರೆ ಬೀಳುತ್ತದೆ. ಹೀಗೆ ಹಳತಾದ ರೋಗಕ್ಕೆ ಬರೀ ಮುಲಾಮು ಸಾಲದು. ಅಜಾಥಿಯೋಪ್ರಿನ್, ಮೆಥೊಟ್ರೆಕ್ಸೇಟ್‌ನಂಥ ಮಾತ್ರೆ ಬೇಕಾಗುತ್ತದೆ. ಒಂದು ಕಿಡ್ನಿ ಕಸಿ ಮಾಡಿಸಿಕೊಂಡವರದು, ಇನ್ನೊಂದು ಕ್ಯಾನ್ಸರಿನದು ಎಂದು ಕೇಳಿದೊಡನೆ ಜನ ಹಿಂಜರಿಯುತ್ತಾರೆ. ಎರಡೇ ದಿನದಲ್ಲಿ ತುರಿಕೆ ನಿಲ್ಲಿಸುವ ಸ್ಟೀರಾಯ್ಡ್ ಸೂಜಿಗೆ ಮಾತ್ರ ಯಾವ ಹಿಂಜರಿಕೆಯೂ ಇಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ಸ್ಟೀರಾಯ್ಡ್ ಕೂಡ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವ ಮದ್ದು. ಅದನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಸಕ್ಕರೆ ಕಾಯಿಲೆ ಬರಬಹುದು, ಎಲುಬು ಟೊಳ್ಳಾಗಬಹುದು, ಕಣ್ಣಿಗೆ ಪೊರೆ ಬರಬಹುದು. ಬಿಟ್ಟರೆ ತುರಿಕೆ ಮತ್ತೆ ಹಾಜರು. ದೆಹಲಿಯ ಏಮ್ಸ್‌ನ ಚರ್ಮವೈದ್ಯರು ಇದೇ ರೋಗದವರಲ್ಲಿ ಅಜಾಥಿಯೋಪ್ರಿನ್ ಮತ್ತು ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಎರಡನ್ನೂ ಹೋಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗುಣ ಹೆಚ್ಚುಕಡಿಮೆ ಒಂದೇ ಇತ್ತು. ಅಡ್ಡಪರಿಣಾಮವೂ ಮರುಕಳಿಕೆಯೂ ಸ್ಟೀರಾಯ್ಡಿನಲ್ಲೇ ಹೆಚ್ಚು. ಆದರೆ ಅಜಾಥಿಯೋಪ್ರಿನ್ ಕೆಲಸ ತೋರಲು ವಾರಗಳು ಬೇಕು. ನಿದ್ದೆಗೆಟ್ಟ ಮನುಷ್ಯ ಅಷ್ಟು ಕಾಯಲಾರ, ಇದನ್ನು ವೈದ್ಯರು ಮೊದಲೇ ಬಿಡಿಸಿ ಹೇಳಬೇಕು. ಆ ವಾರಗಳ ಮಟ್ಟಿಗೆ ಸ್ಟೀರಾಯ್ಡನ್ನು ಅಳತೆಯಲ್ಲಿ ಕೊಟ್ಟು ಇಳಿಸುತ್ತ ಬರುವುದನ್ನು ನಾನು ಒಪ್ಪುತ್ತೇನೆ.

ಈ ಮಾತ್ರೆಗಳೂ ಅಪಾಯವಲ್ಲವೇ ಎಂದರೆ, ಹೌದು. ರಕ್ತದ ಬಿಳಿಕಣ ಇಳಿಯಬಹುದು, ಯಕೃತ್ತು ಕೆಡಬಹುದು, ಒಳಗೆ ಅಡಗಿದ ಕ್ಷಯ ಏಳಬಹುದು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯ ಮಾತ್ರೆ. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಬಸುರಿಯರಿಗಂತೂ ಅದು ಕೂಡದು. ಆದರೆ ಬಿಳಿಕಣ, ಯಕೃತ್ತಿನ ಏರುಪೇರು ಮೈಯಲ್ಲಿ ಕಾಣುವ ಮೊದಲೇ ರಕ್ತಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಆ ಪರೀಕ್ಷೆಗೆಂದು ಕೂಲಿ ಬಿಟ್ಟು ಬೀದರಿಗೋ ಕಲಬುರಗಿಗೋ ಪದೇ ಪದೇ ಹೋಗುವುದು ಆಗದ ಮಾತು ಎಂಬ ಆಕ್ಷೇಪವೇ ಹೆಚ್ಚು ಗಟ್ಟಿ. ತಜ್ಞರು ದೂರದಲ್ಲಿದ್ದರೂ ರಕ್ತದ ಎಣಿಕೆ ತಾಲ್ಲೂಕಿನಲ್ಲೇ ಆಗುವ ಕೆಲಸ. ಇನ್ನು ಕಸವನ್ನೇ ಕಿತ್ತರಾಯಿತು ಎನ್ನುವವರಿದ್ದಾರೆ. ಅದನ್ನು ತಿನ್ನುವ ಮೆಕ್ಸಿಕೊದ ಜೀರುಂಡೆಯನ್ನು ಬೆಂಗಳೂರಿನಲ್ಲಿ 1984ರಲ್ಲೇ ಬಿಟ್ಟರು, ಕಸ ಇಂದಿಗೂ ಇದೆ. ಕೀಳಲೇಬೇಕು, ಆದರೆ ರೋಗಿಯ ಕೈಯಿಂದಲ್ಲ. ಮಾತ್ರೆ ಶುರುವಾದ ಮೇಲೆ ಕೊನೆಯ ರಕ್ತಪರೀಕ್ಷೆಯ ವರದಿ ನೋಡದೆ ಮುಂದಿನ ತಿಂಗಳ ಚೀಟಿಯನ್ನು ಯಾವ ವೈದ್ಯರೂ ಬರೆಯಬಾರದು, ಯಾವ ಮೆಡಿಕಲ್ ಅಂಗಡಿಯವರೂ ಹಳೆಯ ಚೀಟಿಗೆ ಮಾತ್ರೆ ಕೊಡಬಾರದು.