ತಿದ್ದಿದ ಕೈ, ತಿದ್ದಿದ ಪಾಠ: ಲುಕ್ರೇಶಿಯಸನ ಲೈಡನ್ ಪ್ರತಿಯ ವಿಚಾರ

ಪ್ರಾಚೀನ ಲ್ಯಾಟಿನ್ ಕೃತಿಗಳ ಶೋಧಿತ ಮುದ್ರಣಗಳನ್ನು ನೋಡಿದವರಿಗೆ ಪುಟದ ಅಡಿಯಲ್ಲಿ ‘ಎರಡನೆಯ ಕೈ’ ಎಂಬ ಸಂಕೇತವು ಪದೇ ಪದೇ ಕಾಣಸಿಗುತ್ತದೆ. ಮೊದಲ ಲಿಪಿಕಾರನು ಬರೆದುದನ್ನು ಬೇರೊಬ್ಬನು ತಿದ್ದಿದ್ದಾನೆಂದು ಅದರ ಅರ್ಥ. ಆದರೆ ಆ ಬೇರೊಬ್ಬನು ಯಾರು, ಯಾವ ಕಾಲದವನು, ಯಾವ ಆಧಾರದಿಂದ ತಿದ್ದಿದನು ಎಂಬ ಮೂರು ಪ್ರಶ್ನೆಗಳನ್ನೂ ಈ ಸಂಕೇತವು ಮರೆಮಾಡಿಬಿಡುತ್ತದೆ. ತಿದ್ದುಪಡಿಯು ಮಾತೃಪ್ರತಿಯಿಂದ ಬಂದುದಾದರೆ ಅದು ಸಾಕ್ಷ್ಯ. ತಿದ್ದಿದವನ ಬುದ್ಧಿಯಿಂದ ಹುಟ್ಟಿದುದಾದರೆ ಅದು ಊಹೆ. ಇವೆರಡನ್ನೂ ಸಮವಾಗಿ ತೂಗುವ ಸಂಪಾದಕನು ಓದುಗನೊಬ್ಬನ ಮಾತನ್ನು ಕವಿಯ ಮಾತೆಂದು ಅಚ್ಚುಹಾಕಿಸಿಯಾನು. ಈ ವಿವೇಕಕ್ಕೆ ಬರವಣಿಗೆಯ ರೂಪವು ಎಷ್ಟರ ಮಟ್ಟಿಗೆ ನೆರವಾಗುವುದೆಂಬುದೇ ಇಲ್ಲಿನ ವಿಚಾರ.

ಕ್ರಿಸ್ತಪೂರ್ವ 1ನೆಯ ಶತಮಾನದ ಕವಿ ಲುಕ್ರೇಶಿಯಸನ ‘ವಸ್ತುಸ್ವಭಾವ’ವೆಂಬ ಕಾವ್ಯವು ಆರು ಭಾಗಗಳದು, ಅದರಲ್ಲಿ ಏಳು ಸಾವಿರಕ್ಕೂ ಮಿಕ್ಕ ಪಂಕ್ತಿಗಳಿವೆ. ಅದು ಉಳಿದುಬಂದುದು ಮುಖ್ಯವಾಗಿ 9ನೆಯ ಶತಮಾನದ ಎರಡು ಚರ್ಮಪತ್ರ ಪ್ರತಿಗಳಿಂದ. ಎರಡೂ ಇಂದು ಲೈಡನ್ ವಿಶ್ವವಿದ್ಯಾನಿಲಯದಲ್ಲಿವೆ. ಆಕಾರದಿಂದಲೇ ಒಂದಕ್ಕೆ ಅಬ್ಲಾಂಗಸ್ ಎಂದೂ ಮತ್ತೊಂದಕ್ಕೆ ಕ್ವಾಡ್ರಾಟಸ್ ಎಂದೂ ಹೆಸರು. ಹಳೆಯದಾದ ಅಬ್ಲಾಂಗಸ್ ಕೆರೋಲಿಂಗಿಯನ್ ಲಿಪಿಯಲ್ಲಿದೆ. ಅದರ ತಿದ್ದುಪಡಿಗಳಲ್ಲಿ ಒಂದು ಗುಂಪು ಮಾತ್ರ ದ್ವೀಪಲಿಪಿಯೆಂದು ಹೆಸರಾದ, ಐರ್ಲೆಂಡ್ ಇಂಗ್ಲೆಂಡುಗಳ ಬರಹದಲ್ಲಿದೆ. ಈ ಲಿಪಿಯಲ್ಲಿ ರಕಾರ ಸಕಾರಗಳು ಕಾಲನ್ನು ಸಾಲಿನ ಕೆಳಕ್ಕೆ ಇಳಿಸಿ ಒಂದನ್ನೊಂದು ಹೋಲುತ್ತವೆ. ಗಕಾರದ ತಲೆಯು ಚಪ್ಪಟೆಯಾಗಿರುತ್ತದೆ. ಹಿಂದಿನ ವಿದ್ವಾಂಸರು ಈ ಅಜ್ಞಾತನನ್ನು ‘ಸ್ಯಾಕ್ಸನ್ ತಿದ್ದುಗಾರ’ನೆಂದು ಕರೆದರು. 20ನೆಯ ಶತಮಾನದಲ್ಲಿ ಲಿಪಿಶಾಸ್ತ್ರಜ್ಞ ಬೆರ್ನ್‌ಹಾರ್ಡ್ ಬಿಷೊಫ್ ಇವನನ್ನು ಐರಿಷ್ ಪಂಡಿತ ಡುಂಗಾಲನೆಂದು ಗುರುತಿಸಿದರು.

ಡುಂಗಾಲನು ಬರಿಯ ಹೆಸರಲ್ಲ. 810ರ ಸೂರ್ಯಗ್ರಹಣಗಳ ವಿಷಯವಾಗಿ 811ರಲ್ಲಿ ಚಕ್ರವರ್ತಿ ಶಾರ್ಲಮೇನನಿಗೆ ಉತ್ತರ ಬರೆದವನು ಇವನೇ; 825ರಲ್ಲಿ ಪಾವಿಯಾದಲ್ಲಿ ಬೋಧನೆಗೆ ನಿಯಮಿತನಾದವನೂ ಇವನೇ. ಹೀಗೆ ಅಕ್ಷರದಿಂದ ವ್ಯಕ್ತಿಗೂ ವ್ಯಕ್ತಿಯಿಂದ ಕಾಲಕ್ಕೂ ದಾರಿ ದೊರೆಯುತ್ತದೆ. ಪ್ರತಿ ಸಿದ್ಧವಾದ ಕೆಲವೇ ವರ್ಷಗಳಲ್ಲಿ ತಿದ್ದಿದವನಿಗೆ ಮಾತೃಪ್ರತಿಯು ಕೈಗೆಟುಕಿರಬಹುದೆಂದು ಅನುಮಾನಿಸಲು ಅವಕಾಶವಾಗುತ್ತದೆ.

ಆದರೆ ಇಲ್ಲಿ ಒಂದು ಹೆಜ್ಜೆಯನ್ನು ಎಚ್ಚರದಿಂದ ಇಡಬೇಕು. ಮಾತೃಪ್ರತಿಯು ಎಟುಕುತ್ತಿತ್ತೆಂಬುದು ಬೇರೆ, ಪ್ರತಿಯೊಂದು ತಿದ್ದುಪಡಿಗೂ ಅದನ್ನೇ ನೋಡಿದನೆಂಬುದು ಬೇರೆ. ಲಿಪಿಕಾರನು ಬಿಟ್ಟಿದ್ದ ಪಂಕ್ತಿಗಳನ್ನು ಡುಂಗಾಲನು ತುಂಬಿದೆಡೆಗಳಲ್ಲಿ ಸಂಶಯಕ್ಕೆ ಆಸ್ಪದವಿಲ್ಲ. ಇಡಿಯ ಪಂಕ್ತಿಯನ್ನು ಊಹೆಯಿಂದ ಮರಳಿ ಪಡೆಯಲಾಗದು. ಕ್ವಾಡ್ರಾಟಸ್ ಪ್ರತಿಯು ಅಬ್ಲಾಂಗಸ್ಸಿನ ನಕಲಲ್ಲ, ಅದೇ ಮೂಲದ ಇನ್ನೊಂದು ಕವಲು. ಆದ್ದರಿಂದ ತಿದ್ದಿದ ಪಾಠವು ಅದರೊಡನೆ ಕೂಡಿದರೆ ಪಾಠಕ್ಕೆ ಬಲ ಬರುತ್ತದೆ. ಛಂದಸ್ಸು ಸರಿಯಾಯಿತೆಂಬುದು ಮಾತ್ರ ಪ್ರಮಾಣವಾಗದು. ಕುಂಟಿದ ಷಟ್ಪಾದ ಪಂಕ್ತಿಯನ್ನು ನೇರಗೊಳಿಸಲು ಡುಂಗಾಲನಂಥ ವಿದ್ವಾಂಸನಿಗೆ ಬೇರೆ ಪ್ರತಿಯೇನೂ ಬೇಕಿರಲಿಲ್ಲ. ಕೈಬರಹವು ಕರ್ತೃವನ್ನು ತೋರಿಸುತ್ತದೆ. ಆಧಾರವನ್ನು ತೋರಿಸುವುದು ಪಾಠಗಳ ತುಲನೆಯೇ.

ಎರಡು ಕೈಗಳನ್ನು ಬೆರಸಿದರೆ ಏನಾಗುವುದೆಂಬುದಕ್ಕೆ ಇತಿಹಾಸಕಾರ ಲಿವಿಯ ಕೃತಿಯ, ಲಂಡನ್ನಿನಲ್ಲಿರುವ ಹಾರ್ಲೆ 2493ನೆಯ ಪ್ರತಿಯು ನಿದರ್ಶನ. ಅದರ ಅಂಚುಗಳಲ್ಲಿ 14ನೆಯ ಶತಮಾನದ ಪೆಟ್ರಾರ್ಕನ ಕೈಯೂ 15ನೆಯ ಶತಮಾನದ ಲೊರೆಂಜೊ ವಲ್ಲನ ಕೈಯೂ ಇವೆಯೆಂದು 1951ರಲ್ಲಿ ಜುಸೆಪ್ಪೆ ಬಿಲ್ಲನೋವಿಚ್ ತೋರಿಸಿಕೊಟ್ಟರು. ಪೆಟ್ರಾರ್ಕನು ಬೇರೆ ಪ್ರತಿಗಳೊಡನೆ ಹೋಲಿಸಿ ಪಾಠಾಂತರಗಳನ್ನು ಕೂಡಿಸಿದವನು. ವಲ್ಲನು ತನ್ನ ಯುಕ್ತಿಬಲದಿಂದ ಪಾಠವನ್ನು ತಿದ್ದಿ, ಆ ತಿದ್ದುಪಡಿಗಳನ್ನು ಸಮರ್ಥಿಸಿ ಗ್ರಂಥವನ್ನೇ ಬರೆದವನು. ಇಬ್ಬರನ್ನೂ ‘ಎರಡನೆಯ ಕೈ’ ಎಂದುಬಿಟ್ಟರೆ, ಕಳೆದುಹೋದ ಪ್ರತಿಯ ಸಾಕ್ಷ್ಯವೂ ವಲ್ಲನ ಪ್ರತಿಭೆಯೂ ಒಂದೇ ಬೆಲೆಗೆ ಬಿಕರಿಯಾದಂತೆ.

ಈ ವಿಧಾನಕ್ಕೆ ಮಿತಿಯೂ ಉಂಟು. ಅಂಚಿನಲ್ಲಿ ಬರೆದ ಪೂರ್ಣ ಪಂಕ್ತಿಯಲ್ಲಿ ಕೈಯ ಗುರುತು ಸ್ಪಷ್ಟ. ಒಂದಕ್ಷರದ ತಿದ್ದುಪಡಿಯಲ್ಲಿ ಮಂಕು. ಅಕ್ಷರದ ಕೆಳಗಿಟ್ಟ ಚುಕ್ಕೆಯಲ್ಲಿಯೂ ಚಾಕುವಿನಿಂದ ಹೆರೆದ ಜಾಗದಲ್ಲಿಯೂ ಇಲ್ಲವೇ ಇಲ್ಲವೆನ್ನಬಹುದು. ಮಸಿಯ ಬಣ್ಣ, ಲೇಖನಿಯ ಅಗಲಗಳು ಕೊಂಚ ನೆರವಾದರೂ ಒಬ್ಬನೇ ಎರಡು ದಿನ ಎರಡು ಮಸಿಗಳನ್ನು ಬಳಸಿರಬಹುದು. ನೇರಳಾತೀತ ಕಿರಣವು ಹೆರೆದ ಅಕ್ಷರವನ್ನು ಕಾಣಿಸಬಹುದು, ಹೆರೆದವನನ್ನಲ್ಲ. ಸಂಪಾದಕನು ಪದೇ ಪದೇ ನಿರ್ಣಯಿಸಬೇಕಾದ ತಿದ್ದುಪಡಿಗಳಾದರೋ ಹೆಚ್ಚಾಗಿ ಇಂಥ ಚಿಕ್ಕವೇ. ಹೀಗಿರಲಾಗಿ, ದೊಡ್ಡ ತಿದ್ದುಪಡಿಗಳಲ್ಲಿ ದೊರೆತ ಡುಂಗಾಲನ ಹೆಸರನ್ನು ನೆರೆಯ ಚುಕ್ಕೆಗಳಿಗೂ ಹಬ್ಬಿಸುವುದು ನ್ಯಾಯವಲ್ಲ.

ಆದುದರಿಂದ ಪಾಠಾಂತರ ಸೂಚಿಯು ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಹೇಳಬೇಕು: ತಿದ್ದಿದ ಕೈ ಯಾರದು, ತಿದ್ದುಪಡಿಯ ಆಧಾರವೇನು. ಮೊದಲನೆಯದನ್ನು ಲಿಪಿಯು ಸ್ಪಷ್ಟವಾಗಿ ತೋರುವಲ್ಲಿ ಹೆಸರನ್ನು ಬರೆಯಲಿ. ತೋರದಲ್ಲಿ ‘ಅನಿರ್ಣೀತ’ವೆಂದು ಬರೆಯಲಿ. ಎರಡನೆಯದನ್ನು ಪಾಠಗಳ ಸಂವಾದದಿಂದಲೇ ನಿರ್ಣಯಿಸಲಿ. ಇಷ್ಟು ನಿಯಮವನ್ನು ಪಾಲಿಸಿದರೆ, ಓದುವವನು ತಾನು ಓದುತ್ತಿರುವುದು ಲುಕ್ರೇಶಿಯಸನನ್ನೋ ಅಥವಾ ಅವನ ಬುದ್ಧಿವಂತ ಓದುಗನನ್ನೋ ಎಂಬುದನ್ನು ತಾನೇ ತೂಗಿ ನೋಡಬಲ್ಲನು.